ಬಿಪಿ ತೀರಾ ಇಳಿದಾಗ ಹೃದಯಕ್ಕೆ ಚುರುಕು ಕೊಡುವ ಔಷಧಿ ಯಾವುದು? ಆ ಹೆಸರು ಹೇಗೆ ಬಂತು?

ಇಂಥವು ನಾಲ್ಕೈದಿವೆ. ಅವುಗಳಲ್ಲಿ ನಿಮ್ಮ ಕಿವಿಗೆ ಬಿದ್ದಿರಬಹುದಾದ ಹೆಸರು ಡೋಪಮೈನ್. ಹೌದು, ‘ಖುಷಿಯ ಹಾರ್ಮೋನು’ ಅಂತಾರಲ್ವಾ, ಅದೇ! ಆದರೆ ಡ್ರಿಪ್‌ನಲ್ಲಿ ಕೊಟ್ಟರೆ ಖುಷಿಯೇನೂ ಆಗುವುದಿಲ್ಲ. ರಕ್ತದಿಂದ ಅದು ಮಿದುಳಿನೊಳಗೆ ಹೋಗುವುದೇ ಇಲ್ಲ.

ಡೋಪಾ ಎಂಬ ವಸ್ತುವಿನಿಂದ ದೇಹ ತಯಾರಿಸುವ ಅಮೈನ್ (ಸಾರಜನಕವಿರುವ ಒಂದು ಬಗೆಯ ರಾಸಾಯನಿಕ) ಇದು, ಅದಕ್ಕೇ ಡೋಪಮೈನ್. ‘ಡೋಪಾ’ ಕೂಡ ಡೈಹೈಡ್ರಾಕ್ಸಿಫಿನೈಲ್‌ಅಲನೀನ್ ಎಂಬ ಮಾರುದ್ದದ ಹೆಸರನ್ನು ಮೊಟಕು ಮಾಡಿದ್ದು.

ಐಸಿಯುನಲ್ಲಿ ಸಿರಿಂಜ್ ಪಂಪ್ ಇಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತಾರೆ. ಸುಮಾರು 2 ನಿಮಿಷಕ್ಕೆ ರಕ್ತದಲ್ಲಿ ಅರ್ಧ ಖಾಲಿ, ಹಾಗಾಗಿ ಪಂಪ್ ನಿಲ್ಲುವಂತಿಲ್ಲ. ಒಂದು ಕೆಜಿ ತೂಕಕ್ಕೆ ನಿಮಿಷಕ್ಕೆ 5ರಿಂದ 10 ಮೈಕ್ರೋಗ್ರಾಂ ಕೊಟ್ಟರೆ ಹೃದಯ ಜೋರಾಗಿ ಬಡಿಯುತ್ತದೆ. ಇನ್ನೂ ಜಾಸ್ತಿಯಾದರೆ ರಕ್ತನಾಳಗಳು ಬಿಗಿಯುತ್ತವೆ. ಎದೆಬಡಿತ ತಾಳ ತಪ್ಪುವ ಭಯವೂ ಇದೆ. ಅದಕ್ಕೇ ಸೋಂಕಿನಿಂದ ಬಿಪಿ ಕುಸಿದವರಿಗೆ ಈಗ ಮೊದಲು ನಾರ್‌ಅಡ್ರಿನಲಿನ್ ಎಂಬ ಇಂಥದ್ದೇ ಇನ್ನೊಂದು ಔಷಧಿ ಕೊಡುತ್ತಾರೆ.