ಓದುಗರ ಪ್ರಶ್ನೆ, ಆಟದಂಗಳದ ಉತ್ತರ: ಟೈ ಆದರೆ ಪ್ಲೇಆಫ್ ಕಥೆ ಏನು?

ಪ್ರಶ್ನೆ: ಮಗಳು ಪಿಟ್ಸ್‌ಬರ್ಗ್‌ನಲ್ಲಿರುವುದರಿಂದ ಅಮೆರಿಕನ್ ಫುಟ್‌ಬಾಲ್ ನೋಡುವ ಗೀಳು ನಮಗೂ ಹತ್ತಿದೆ. ಎನ್‌ಎಫ್‌ಎಲ್ ಪಟ್ಟಿಯಲ್ಲಿ ಕೆಲವು ತಂಡಗಳ ಮುಂದೆ 9-7-1 ಎಂದಿರುತ್ತದೆ. ಆ ಕೊನೆಯ 1 ತಂಡಕ್ಕೆ ಲಾಭವೋ, ನಷ್ಟವೋ?
– ಓದುಗರು, ಮೈಸೂರು

ಉತ್ತರ: 9 ಗೆಲುವು, 7 ಸೋಲು, 1 ಟೈ ಎಂದು ಅದನ್ನು ಓದಬೇಕು. ಎನ್‌ಎಫ್‌ಎಲ್‌ನಲ್ಲಿ ಅಂಕಪದ್ಧತಿ ಇಲ್ಲ, ಗೆಲುವಿನ ಪ್ರಮಾಣವೇ ಅಳತೆ. 1972ಕ್ಕೆ ಮೊದಲು ಟೈ ಪಂದ್ಯವನ್ನು ಲೆಕ್ಕದಿಂದಲೇ ಕೈಬಿಡುತ್ತಿದ್ದರು. ಆ ವರ್ಷದಿಂದ ಅದು ಅರ್ಧ ಗೆಲುವು, ಅರ್ಧ ಸೋಲು. ಹಾಗಾಗಿ 9-7-1 ಎಂದರೆ 17ರಲ್ಲಿ 9.5, ಅಂದರೆ 0.559. ಪಕ್ಕದಲ್ಲಿ 10-7 (0.588) ಮತ್ತು 9-8 (0.529) ಇಟ್ಟು ನೋಡಿ: ಟೈ ಮಾಡಿಕೊಂಡ ತಂಡ ಎರಡರ ನಟ್ಟನಡುವೆ ನಿಂತಿದೆ. ಮಳೆಗೆ ರದ್ದಾದ ಐಪಿಎಲ್ ಪಂದ್ಯದಲ್ಲಿ ಎರಡಂಕ ಹಂಚಿ ಒಂದೊಂದು ಕೊಡುವುದೂ ಇದೇ ಲೆಕ್ಕ.

ಲಾಭ-ನಷ್ಟ ತೀರ್ಮಾನವಾಗುವುದು ಪ್ಲೇಆಫ್ ಗೆರೆ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ. ಲೀಗ್‌ನ ಎರಡು ಭಾಗಗಳಾದ ಕಾನ್ಫರೆನ್ಸ್‌ಗಳಲ್ಲಿ ಒಂದೊಂದರ 16 ತಂಡಗಳಲ್ಲಿ 7ಕ್ಕೆ ಮಾತ್ರ ಜಾಗ: ನಾಲ್ಕು ಡಿವಿಷನ್‌ಗಳ (ಕಾನ್ಫರೆನ್ಸ್ ಒಳಗಿನ ನಾಲ್ಕು ತಂಡಗಳ ಗುಂಪು) ವಿಜೇತರು, ಉಳಿದವರಲ್ಲಿ ಉತ್ತಮ ದಾಖಲೆಯ ಮೂರು, ಅಂದರೆ ವೈಲ್ಡ್ ಕಾರ್ಡ್. ಗೆರೆಯ ಹತ್ತಿರ ಮೂರು ನಾಲ್ಕು ತಂಡಗಳು ಸಮಸಮವಾಗಿ ಗುಂಪುಗೂಡುವುದು ಮಾಮೂಲಿ. ಟೈ ಇರುವ ತಂಡ ಸಾಮಾನ್ಯವಾಗಿ ಆ ಗುಂಪಿನಲ್ಲಿ ಇರುವುದೇ ಇಲ್ಲ, ಅರ್ಧ ಮೆಟ್ಟಿಲು ಮೇಲಿರುತ್ತದೆ ಅಥವಾ ಕೆಳಗಿರುತ್ತದೆ.

2008ರಲ್ಲಿ ಈಗಲ್ಸ್ ತಂಡ ಬೆಂಗಲ್ಸ್ ಜೊತೆ 13-13ರಲ್ಲಿ ನಿಂತಾಗ ಫಿಲಡೆಲ್ಫಿಯಾದಲ್ಲಿ ಯಾರಿಗೂ ಸಮಾಧಾನ ಇರಲಿಲ್ಲ. ಕೊನೆಗೆ 9-6-1 ಆದ (ಆಗ ಋತುವಿಗೆ 16 ಪಂದ್ಯ) ಈಗಲ್ಸ್ ಒಳಗೆ ಹೋಯಿತು. 9-7 ಆದ ಕೌಬಾಯ್ಸ್, ಬೇರ್ಸ್, ಬಕನೀರ್ಸ್ ಮೂರೂ ಹೊರಗುಳಿದವು. ಹತ್ತು ವರ್ಷದ ನಂತರ ನಿಮ್ಮ ಮಗಳ ಊರಿನ ಸ್ಟೀಲರ್ಸ್‌ಗೆ ಇದರ ತದ್ವಿರುದ್ಧ ಆಯಿತು. 2018ರ ಮೊದಲ ವಾರ ಬ್ರೌನ್ಸ್ ಜೊತೆ 21-21. ಹೆಚ್ಚುವರಿ ಅವಧಿಯಲ್ಲಿ ಸ್ಟೀಲರ್ಸ್‌ನ 42 ಗಜದ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದೆಯುವುದು) ತಪ್ಪಿತ್ತು. ಋತು ಮುಗಿದಾಗ ಸ್ಟೀಲರ್ಸ್ 9-6-1, ಅದೇ ಡಿವಿಷನ್‌ನ ರೇವನ್ಸ್ 10-6. ಆ ಒದೆತ ಒಳಗೆ ಬಿದ್ದಿದ್ದರೆ ಎರಡೂ 10-6. ಪರಸ್ಪರ ಪಂದ್ಯ 1-1, ಹಾಗಾಗಿ ಮುಂದಿನ ಅಳತೆ ಡಿವಿಷನ್ ದಾಖಲೆ: ಸ್ಟೀಲರ್ಸ್ 5-1, ರೇವನ್ಸ್ 3-3. ಡಿವಿಷನ್ ಸ್ಟೀಲರ್ಸ್‌ದಾಗುತ್ತಿತ್ತು. ಸೆಪ್ಟೆಂಬರ್‌ನ ಆ ಅರ್ಧಕ್ಕೆ ಡಿಸೆಂಬರ್ ಕೊನೆಯಲ್ಲಿ ಬೆಲೆ ತೆತ್ತರು.

ಪ್ರಶ್ನೆ: ಕೊನೆಯ ವಾರದಲ್ಲಿ ಯಾರಿಗೆ ಏನು ಬೇಕು ಎಂದು ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ದಶಾಂಶದ ಗೋಜು ಬೇಡ. ಗೆಲುವಿಗೆ 2, ಟೈಗೆ 1, ಸೋಲಿಗೆ 0 ಬರೆದುಕೊಳ್ಳಿ. ಎರಡೂ ತಂಡ ಅಷ್ಟೇ ಪಂದ್ಯ ಆಡಿದ್ದರೆ ಇದು ಸಾಕು. ಋತುವಿನ ನಡುವೆ ಒಂದು ತಂಡ ವಿಶ್ರಾಂತಿ ವಾರ ಮುಗಿಸಿ ಇನ್ನೊಂದು ಮುಗಿಸಿರದಿದ್ದರೆ ಆಡಿದ ಪಂದ್ಯಗಳ ಸಂಖ್ಯೆಯಿಂದ ಭಾಗಿಸಲೇಬೇಕು.

ನಮ್ಮ ತಂಡ 8-7-1, ಅಂದರೆ 17. ಎದುರಾಳಿ 9-7, ಅಂದರೆ 18. ಒಂದು ಪಂದ್ಯ ಬಾಕಿ. ನಾವು ಗೆದ್ದು ಅವರು ಸೋತರೆ 19-18, ನಾವೇ ಮುಂದೆ. ಅವರು ಗೆದ್ದರೆ 20, ನಮ್ಮ ಕಥೆ ಮುಗಿಯಿತು. ಹೆಚ್ಚಿನವರು ಎಡವುವುದು ಇಲ್ಲಿ: ‘ಅವರನ್ನು ಎರಡು ಸಲ ಸೋಲಿಸಿದ್ದೇವಲ್ಲ’ ಎಂದು ಧೈರ್ಯವಾಗಿರುತ್ತಾರೆ. ಪರಸ್ಪರ ಫಲಿತಾಂಶ ನೋಡುವುದು ಒಟ್ಟು ಲೆಕ್ಕ ಸರಿಸಮ ಆದಾಗ ಮಾತ್ರ. ಈ ಉದಾಹರಣೆಯಲ್ಲಿ ಸಮ ಆಗಬೇಕಾದರೆ ನಾವು ಗೆದ್ದು ಅವರು ಟೈ ಮಾಡಬೇಕು, ಇಲ್ಲವೇ ನಾವು ಟೈ ಮಾಡಿ ಅವರು ಸೋಲಬೇಕು. ಐಪಿಎಲ್‌ನ ನೆಟ್ ರನ್‌ರೇಟ್ ಥರ ಪಾಯಿಂಟ್ ವ್ಯತ್ಯಾಸ ನೋಡುತ್ತಾರೆ ಎಂದುಕೊಳ್ಳಬೇಡಿ, ಅದು ಎಷ್ಟೋ ಮೆಟ್ಟಿಲು ಕೆಳಗಿದೆ.

ಪ್ರಶ್ನೆ: ಇಬ್ಬರಿಗೂ ಟೈ ಸಾಕಾಗಿದ್ದರೆ ಮಾತಾಡಿಕೊಂಡು ಆಡಬಹುದಲ್ಲವೇ?
– ಓದುಗರು, ಸ್ಯಾನ್ ಹೋಸೆ

ಉತ್ತರ: ಆ ಅನುಮಾನ ಹುಟ್ಟಿಸಿದ ಪಂದ್ಯ ನಡೆದದ್ದು 2022ರ ಜನವರಿ 9ರಂದು, ರೈಡರ್ಸ್ ಮತ್ತು ಚಾರ್ಜರ್ಸ್ ನಡುವೆ. ಅಂದು ಪ್ಲೇಆಫ್ ಪೈಪೋಟಿಯಲ್ಲಿದ್ದ ಕೋಲ್ಟ್ಸ್ ಸೋತು, ಸ್ಟೀಲರ್ಸ್ ಗೆದ್ದು 9-7-1 ಆಗಿತ್ತು. ರಾತ್ರಿಯ ಪಂದ್ಯ ಟೈ ಆದರೆ ರೈಡರ್ಸ್, ಚಾರ್ಜರ್ಸ್ ಎರಡೂ 9-7-1. ಎರಡೂ ತಂಡಗಳು ಆ ಋತುವಿನಲ್ಲಿ ಸ್ಟೀಲರ್ಸ್‌ ಅನ್ನು ಸೋಲಿಸಿದ್ದರಿಂದ ಹೊರಗೆ ಬೀಳುವುದು ಸ್ಟೀಲರ್ಸ್.

ಹೆಚ್ಚುವರಿ ಅವಧಿಯಲ್ಲಿ 32-32. ಚೆಂಡು ರೈಡರ್ಸ್ ಬಳಿ ಇತ್ತು. ಗಡಿಯಾರದಲ್ಲಿ 38 ಸೆಕೆಂಡು ಉಳಿದಿದ್ದಾಗ ಟೈಮ್‌ಔಟ್ (ಗಡಿಯಾರ ನಿಲ್ಲಿಸುವ ವಿರಾಮ) ಕೇಳಿದ್ದು ಚಾರ್ಜರ್ಸ್. ಮುಂದಿನ ಓಟದಲ್ಲೇ ರೈಡರ್ಸ್‌ನ ಜೋಶ್ ಜೇಕಬ್ಸ್ 10 ಗಜ ಮುನ್ನುಗ್ಗಿದರು. ಅದೇ ತಂಡದ ಡೇನಿಯಲ್ ಕಾರ್ಲ್ಸನ್ 47 ಗಜದಿಂದ ಫೀಲ್ಡ್ ಗೋಲ್ ಒದ್ದರು. 35-32, ಚಾರ್ಜರ್ಸ್ 9-8 ಆಗಿ ಮನೆಗೆ, ಸ್ಟೀಲರ್ಸ್ ಒಳಗೆ. ಒಪ್ಪಂದ ಇದ್ದ ಪಂದ್ಯ ಹೀಗೆ ಮುಗಿಯುವುದಿಲ್ಲ.

ಇಷ್ಟಕ್ಕೂ ಇಂಥ ಸಂದರ್ಭ ಬಿಟ್ಟರೆ ಟೈಗಾಗಿ ಆಡುವುದರಲ್ಲಿ ಅರ್ಥವಿಲ್ಲ, ಹೆದರಿ ಕೂರಬೇಕಾಗಿಯೂ ಇಲ್ಲ. ನಮ್ಮ ಐಎಸ್‌ಎಲ್ ಫುಟ್‌ಬಾಲ್‌ನಲ್ಲಿ ಗೆಲುವಿಗೆ 3, ಡ್ರಾಗೆ 1. ಅಲ್ಲಿ ಡ್ರಾ ಬಿಟ್ಟು ಗೆಲುವಿಗೆ ಹೋದರೆ 2 ಸಿಗಬಹುದು, ಕಳೆದುಕೊಳ್ಳುವುದು 1. ಎನ್‌ಎಫ್‌ಎಲ್‌ನಲ್ಲಿ ಸಿಗುವುದೂ ಅರ್ಧ, ಹೋಗುವುದೂ ಅರ್ಧ. ಗೆಲ್ಲುವ ಸಾಧ್ಯತೆ ಸೋಲುವುದಕ್ಕಿಂತ ಕೊಂಚ ಹೆಚ್ಚಿದ್ದರೂ ಕೋಚ್ ಮುನ್ನುಗ್ಗಬೇಕು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪ್ಲೇಆಫ್ ಪಂದ್ಯವೇ ಟೈ ಆದರೆ?
– ಓದುಗರು, ಶಿವಮೊಗ್ಗ

ಉತ್ತರ: ಆಗಲು ಬಿಡುವುದಿಲ್ಲ. ಲೀಗ್ ಹಂತದಲ್ಲಿ ಹೆಚ್ಚುವರಿ ಅವಧಿ 10 ನಿಮಿಷ ಮಾತ್ರ (2017ಕ್ಕೆ ಮೊದಲು 15). ಅದು ಮುಗಿದರೂ ಸಮಬಲವಿದ್ದರೆ ಟೈ. ಪ್ಲೇಆಫ್‌ನಲ್ಲಿ 15 ನಿಮಿಷದ ಅವಧಿಗಳು, ವಿಜೇತರು ಸಿಗುವ ತನಕ ಒಂದರ ಮೇಲೊಂದು.