ಓದುಗರ ಪ್ರಶ್ನೆ: ಇಟಲಿಯ ಗುಡ್ಡದೂರುಗಳಿಗೆ ಒಂದು ದಿನದ ಪ್ರವಾಸ

ಈ ಸಲದ ಅಂಕಣ ಪೂರ್ತಿ ಕೊಡಗಿನ ಓದುಗರಿಗೆ. ಫ್ಲಾರೆನ್ಸ್‌ನಲ್ಲಿ ಉಳಿದುಕೊಂಡು, ಗೈಡ್ ಜೊತೆ ಟಸ್ಕನಿಯ ಮಧ್ಯಯುಗದ ಊರುಗಳನ್ನು ನೋಡಿ ಸಂಜೆಗೆ ಮರಳುವ ಪ್ರವಾಸದ ಬಗ್ಗೆ ಬಂದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಒಂದೇ ದಿನಕ್ಕೆ ಸಿಯೆನಾ, ಮೊಂಟೆರಿಜ್ಜೋನಿ, ಸ್ಯಾನ್ ಜಿಮಿನ್ಯಾನೊ, ದ್ರಾಕ್ಷಿ ತೋಟದಲ್ಲಿ ಊಟ, ಕೊನೆಗೆ ಪೀಸಾ ಎಂದಿದೆ. ಎರಡೇ ಊರಿನ ಪ್ರವಾಸಕ್ಕೂ ಹೆಚ್ಚುಕಡಿಮೆ ಅಷ್ಟೇ ದುಡ್ಡು. ಯಾವುದು ಲೇಸು? — ಸಿದ್ದಾಪುರ

ಎರಡೂರಿನದೇ ಲೇಸು. ಊರುಗಳನ್ನು ಎಣಿಸಬೇಡಿ, ಬಸ್ಸಿಳಿದ ಮೇಲೆ ನಿಮ್ಮ ಕಾಲಿಗೆ ಎಷ್ಟು ಹೊತ್ತು ಸಿಗುತ್ತದೆ ಎಂದು ಲೆಕ್ಕ ಹಾಕಿ.

ಬೆಳಿಗ್ಗೆ 8ಕ್ಕೆ ಹೊರಟು ಸಂಜೆ 7.30ಕ್ಕೆ ಮರಳುತ್ತೀರಿ ಎಂದುಕೊಳ್ಳೋಣ. ಒಟ್ಟು ಹನ್ನೊಂದೂವರೆ ಗಂಟೆ. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಸುಮಾರು 75 ಕಿ.ಮೀ., ಒಂದೂಕಾಲು ಗಂಟೆ. ಸಿಯೆನಾದಿಂದ ಸ್ಯಾನ್ ಜಿಮಿನ್ಯಾನೊಗೆ ಒಂದು ಗಂಟೆ. ಅಲ್ಲಿಂದ ಮರಳಲು ಮತ್ತೆ ಒಂದೂಕಾಲು. ಮೂರೂವರೆ ಗಂಟೆ ರಸ್ತೆಯಲ್ಲೇ ಹೋಯಿತು. ತೋಟದಲ್ಲಿ ಊಟ ಮತ್ತು ವೈನ್ ರುಚಿಗೆ ಎರಡು ಗಂಟೆ. ಈ ಊರುಗಳ ಕೋಟೆಯೊಳಗೆ ಪ್ರವಾಸಿ ಬಸ್ಸಿಗೆ ಪ್ರವೇಶವಿಲ್ಲ, ಹೊರಗೆ ನಿಲ್ಲಿಸಿ ನಡೆದೇ ಹೋಗಬೇಕು. ಇಳಿಯುವುದು, ಏರುವುದು, ತಲೆ ಎಣಿಸುವುದು ಎಂದು ಎರಡೂರು ಸೇರಿ ಇನ್ನೊಂದು ಗಂಟೆ. ಉಳಿದದ್ದು ಐದು ಗಂಟೆ: ಸಿಯೆನಾಕ್ಕೆ ಮೂರು, ಸ್ಯಾನ್ ಜಿಮಿನ್ಯಾನೊಗೆ ಎರಡು. ಇದು ಸರಿಯಾದ ಅಳತೆ.

ಪೀಸಾ ಸೇರಿಸಿದಿರೋ, ಸುತ್ತುದಾರಿಗೆ ಒಂದೂವರೆ ಗಂಟೆ, ಅಲ್ಲಿ ನಿಲ್ಲುವುದಕ್ಕೆ ಒಂದೂವರೆ ಗಂಟೆ ಕಳೆಯಿತು. ಉಳಿಯುವ ಎರಡು ಗಂಟೆಯಲ್ಲಿ ಸಿಯೆನಾದ ಚೌಕಕ್ಕೆ ಹೋಗಿ ಫೋಟೊ ತೆಗೆದು ಬರಬಹುದಷ್ಟೆ. ವಾಲುಗೋಪುರ ನೋಡುವ ಆಸೆಯಿದ್ದರೆ ಇನ್ನೊಂದು ದಿನ ಫ್ಲಾರೆನ್ಸ್‌ನಿಂದ ರೈಲು ಹಿಡಿಯಿರಿ, ಸುಮಾರು ಒಂದು ಗಂಟೆಯ ದಾರಿ.

ಮೊಂಟೆರಿಜ್ಜೋನಿಯ ಮಾತು ಬೇರೆ. ಅದು ಸಿಯೆನಾದಿಂದ ಸ್ಯಾನ್ ಜಿಮಿನ್ಯಾನೊಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಫ್ಲಾರೆನ್ಸ್‌ನವರನ್ನು ತಡೆಯಲೆಂದು ಸಿಯೆನಾದವರು 1213ರಿಂದ 1219ರ ನಡುವೆ ಕಟ್ಟಿದ ಈ ಕೋಟೆಯ ಸುತ್ತಳತೆ ಸುಮಾರು 570 ಮೀಟರ್, ಬುರುಜುಗಳು 14. ಒಳಗಿರುವುದು ಒಂದು ಚೌಕ, ಒಂದು ಚರ್ಚು, ನಾಲ್ಕಾರು ಬೀದಿ. ಮುಕ್ಕಾಲು ಗಂಟೆ ಸಾಕು.

ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ಬಿಡಿಸಿ ಕೇಳಿ. ಇಟಲಿಯಲ್ಲಿ ಸ್ಮಾರಕಗಳ ವಿವರಣೆ ಕೊಡಲು ಪರವಾನಗಿ ಪಡೆದ ಗೈಡ್ ಬೇಕು. ಬಸ್ಸಿನಲ್ಲಿ ಜೊತೆಗೆ ಬರುವವರು ಎಷ್ಟೋ ಸಲ ಬರೀ ಮೇಲ್ವಿಚಾರಕರು. ಅವರು ಸಮಯ ಹೇಳುತ್ತಾರೆ, ದಾರಿ ತೋರಿಸುತ್ತಾರೆ, ಅಷ್ಟೆ. ಹಾಗಾಗಿ ‘ಸಿಯೆನಾದಲ್ಲಿ ಸ್ಥಳೀಯ ಗೈಡ್ ಇದ್ದಾರೆಯೆ, ಎಷ್ಟು ಹೊತ್ತು, ಕೆಥೆಡ್ರಲ್ ಟಿಕೆಟ್ ಸೇರಿದೆಯೆ’ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಟಿಕೆಟ್ ಸೇರಿಲ್ಲದಿದ್ದರೆ ಸಾಲಿನಲ್ಲಿ ನಿಲ್ಲುವ ಹೊತ್ತೂ ಆ ಮೂರು ಗಂಟೆಯಲ್ಲೇ ಕಳೆಯುತ್ತದೆ.

ಪ್ರಶ್ನೆ: ಕಾಫಿ ತೋಟ ಬಿಟ್ಟು ಹೊರಡುವುದು ಯಾವಾಗ? ಅಲ್ಲಿ ಯಾವ ತಿಂಗಳು ಚೆನ್ನ? — ಮಡಿಕೇರಿ

ನಿಮ್ಮ ಬಿಡುವಿಗೂ ಅಲ್ಲಿನ ಹವೆಗೂ ಎರಡು ಕಡೆ ತಾಳೆಯಾಗುತ್ತದೆ. ಮೊದಲನೆಯದು ರೊಬಸ್ಟಾ ಕೊಯ್ಲು ಮುಗಿದು, ಹೂಮಳೆಯೋ ಸ್ಪ್ರಿಂಕ್ಲರೋ ಆಗಿ ಹೂ ಕಟ್ಟಿದ ಮೇಲೆ, ಏಪ್ರಿಲ್ ಕೊನೆಯಿಂದ ಮೇ ಕೊನೆವರೆಗೆ. ಆಗ ಟಸ್ಕನಿ ಹಸಿರಾಗಿರುತ್ತದೆ, ಕತ್ತಲಾಗುವುದು ರಾತ್ರಿ ಎಂಟರ ನಂತರ. ಎರಡನೆಯದು ಕೈಲ್‌ಪೋದ್ ಆದ ಮೇಲೆ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಅದು ಅಲ್ಲಿನ ದ್ರಾಕ್ಷಿ ಕೊಯ್ಲಿನ ಕಾಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಮರಳಿರಬಹುದು.

ಜುಲೈ–ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮಳೆ ಸುರಿಯುವಾಗ ಅಲ್ಲಿ 35 ಡಿಗ್ರಿ ದಾಟುವ ಒಣಬಿಸಿಲು, ನೆರಳಿಲ್ಲದ ಕಲ್ಲಿನ ಚೌಕಗಳು. ಸಿಯೆನಾದ ಪಾಲಿಯೊ ಕುದುರೆ ಓಟ ಜುಲೈ 2 ಮತ್ತು ಆಗಸ್ಟ್ 16ಕ್ಕೆ ನಡೆಯುತ್ತದೆ. ಆ ದಿನಗಳಲ್ಲಿ ಚೌಕ ಕಿಕ್ಕಿರಿದಿರುತ್ತದೆ. ಕೆಲವು ದಿನ ಮೊದಲೇ ಅಂಚಿಗೆ ಮಣ್ಣು ಹಾಸಿ ಮೆಟ್ಟಿಲಾಸನ ಕಟ್ಟಿರುವುದರಿಂದ ಚೌಕದ ನಿಜವಾದ ಆಕಾರ ಕಾಣುವುದಿಲ್ಲ. ಓಟವನ್ನೇ ನೋಡಲು ಹೋಗುವವರ ಹೊರತು ಉಳಿದವರು ಆ ವಾರಗಳನ್ನು ಬಿಟ್ಟುಬಿಡಿ.

ಪ್ರಶ್ನೆ: ಅಮ್ಮನಿಗೆ 68, ಮಂಡಿನೋವಿದೆ. ಬೆಟ್ಟದ ಮೇಲಿನ ಊರು ಎಂದರೆ ಅವರಿಗೆ ಆಗುತ್ತದೆಯೆ? — ಗೋಣಿಕೊಪ್ಪ

ಎತ್ತರದ ಭಯ ಬೇಡ. ಮಡಿಕೇರಿ 1,100 ಮೀಟರಿಗೂ ಮೇಲಿದೆ, ಸಿಯೆನಾ ಮತ್ತು ಸ್ಯಾನ್ ಜಿಮಿನ್ಯಾನೊ 320 ಮೀಟರಿನ ಆಸುಪಾಸು. ಕಷ್ಟ ಕೊಡುವುದು ಏರಿಳಿತ ಮತ್ತು ನೆಲ. ಸಿಯೆನಾ ಮೂರು ಏಣುಗಳ ಮೇಲೆ ಹರಡಿರುವ ಊರು, ಒಂದು ಬೀದಿ ಇಳಿದರೆ ಇನ್ನೊಂದು ಏರಲೇಬೇಕು. ಹಾಸುಗಲ್ಲುಗಳು ಶತಮಾನಗಳ ನಡಿಗೆಗೆ ಸವೆದು ನುಣುಪಾಗಿವೆ, ನಾಲ್ಕು ಹನಿ ಬಿದ್ದರೂ ಜಾರುತ್ತವೆ. ಒಂದು ದಿನದಲ್ಲಿ ಐದಾರು ಕಿ.ಮೀ. ನಡಿಗೆ ಆಗೇ ಆಗುತ್ತದೆ. ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಮಡಚುವ ಊರುಗೋಲು, ಹಿಡಿತವಿರುವ ರಬ್ಬರ್ ಅಟ್ಟೆಯ ಶೂ ಎರಡೂ ಬೇಕು. ಶೂವನ್ನು ಮನೆಯಲ್ಲೇ ಎರಡು ವಾರ ಹಾಕಿ ಪಳಗಿಸಿರಲಿ.

ಸ್ಯಾನ್ ಜಿಮಿನ್ಯಾನೊದಲ್ಲಿ ದಕ್ಷಿಣದ ಸ್ಯಾನ್ ಜೊವಾನ್ನಿ ಬಾಗಿಲಿನಿಂದ ಬಾವಿಯ ಚೌಕದವರೆಗೆ ನೇರ ಏರು. ನಿಧಾನವಾಗಿ ಹತ್ತಿ ಬಾವಿಕಟ್ಟೆಯ ಮೆಟ್ಟಿಲ ಮೇಲೆ ಕುಳಿತರೆ ಗೋಪುರಗಳು ಅಲ್ಲಿಂದಲೇ ಕಾಣುತ್ತವೆ. ಅಮ್ಮ ಅಲ್ಲಿ ಕುಳಿತಿರಲಿ, ಉಳಿದವರು ಸುತ್ತಿ ಬರಲಿ.

ಇಷ್ಟೂ ಆಗದು ಎನಿಸಿದರೆ ಒತ್ತಾಯ ಮಾಡಬೇಡಿ, ಲುಕ್ಕಾಕ್ಕೆ ಕರೆದುಕೊಂಡು ಹೋಗಿ. ಅದು ಗುಡ್ಡದೂರಲ್ಲ, ಸಮತಟ್ಟಾದ ಊರು. ಆದರೆ ಸುತ್ತಲೂ 4 ಕಿ.ಮೀ. ಉದ್ದದ ಕೋಟೆಗೋಡೆ ಇಡಿಯಾಗಿ ಉಳಿದಿದೆ, ಅದರ ಮೇಲೆ ಮರಗಳ ಸಾಲಿನಲ್ಲಿ ಅಗಲವಾದ ಕಾಲುದಾರಿ ಇದೆ. ಫ್ಲಾರೆನ್ಸ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು.

ಪ್ರಶ್ನೆ: ಸಿಯೆನಾದ ಮೂರು ಗಂಟೆಯಲ್ಲಿ ಏನು ನೋಡಬೇಕು, ಏನು ಬಿಡಬೇಕು? ಸ್ಯಾನ್ ಜಿಮಿನ್ಯಾನೊದಲ್ಲಿ ಅಷ್ಟೊಂದು ಗೋಪುರ ಯಾಕೆ? — ವಿರಾಜಪೇಟೆ

ಚೌಕದಿಂದಲೇ ಶುರುಮಾಡಿ. ಪಿಯಾಜ್ಜಾ ದೆಲ್ ಕಾಂಪೊ ಎಂಬ ಈ ಚೌಕ ಚಿಪ್ಪಿನಾಕಾರದ್ದು, ಅಂಚಿನಿಂದ ಪುರಭವನದ ಕಡೆಗೆ ಇಳಿಜಾರು. ಇಟ್ಟಿಗೆ ಹಾಸನ್ನು ಬಿಳಿಗಲ್ಲಿನ ಪಟ್ಟಿಗಳು ಒಂಬತ್ತು ಪಾಲು ಮಾಡಿವೆ. 1287ರಿಂದ 1355ರವರೆಗೆ ಊರನ್ನಾಳಿದ ಒಂಬತ್ತು ಮಂದಿಯ ಸಭೆಯ ನೆನಪು ಅದು. ಪಟ್ಟಿಗಳೆಲ್ಲ ಕೂಡುವ ಕೆಳತುದಿಗೆ ಹೋಗಿ ನಿಂತು ನೆಲ ನೋಡಿ. ಅಲ್ಲೊಂದು ಕಲ್ಲಿನ ಮೋರಿಬಾಯಿ ಇದೆ, ಇಡೀ ಚೌಕದ ಮಳೆನೀರು ಹರಿದು ಬಂದು ಇಳಿಯುವುದು ಅದರೊಳಗೆ. ಹತ್ತಿರದಲ್ಲಿ ನದಿಯಿಲ್ಲದ ಈ ಗುಡ್ಡದ ಜನ ನೀರಿಗಾಗಿ ನೆಲದಡಿ ಸುಮಾರು 25 ಕಿ.ಮೀ. ಸುರಂಗ ಕೊರೆದಿದ್ದಾರೆ. ಚೌಕದ ಮೇಲ್ಭಾಗದ ಫೊಂತೆ ಗಾಯಾ ಕಾರಂಜಿಗೆ ಆ ಸುರಂಗದಿಂದಲೇ ನೀರು ಬರುವಂತೆ ಮಾಡಿದ್ದರು. ನೀರು ಬರುವ ದಾರಿ, ಹೋಗುವ ದಾರಿ ಎರಡನ್ನೂ ಒಂದೇ ಚೌಕದಲ್ಲಿ ಕಾಣುವುದು ಬಲು ಅಪರೂಪ. ಎಷ್ಟೋ ಗೈಡ್‌ಗಳು ಇದನ್ನು ದಾಟಿಸಿ ಹೋಗುತ್ತಾರೆ, ನೀವೇ ಕೇಳಿ.

ಅಲ್ಲಿಂದ ಹತ್ತು ನಿಮಿಷದೊಳಗೆ ಕೆಥೆಡ್ರಲ್. ಬಿಳಿ ಮತ್ತು ಕಡುಹಸಿರು ಅಮೃತಶಿಲೆಯ ಪಟ್ಟಿಗಳು ಮೊದಲ ನೋಟಕ್ಕೇ ಹಿಡಿಯುತ್ತವೆ. ಒಳಗೆ ಕಣ್ಣು ಕೆಳಗಿರಲಿ, ನೆಲವೆಲ್ಲ ಕಲ್ಲು ಕೆತ್ತಿ ಜೋಡಿಸಿದ ಚಿತ್ರಗಳು. ಅವುಗಳಲ್ಲಿ ಹೆಚ್ಚಿನವನ್ನು ವರ್ಷದ ಬಹುಪಾಲು ಮುಚ್ಚಿಟ್ಟಿರುತ್ತಾರೆ, ಪೂರ್ತಿ ತೆರೆಯುವುದು ಸಾಮಾನ್ಯವಾಗಿ ಬೇಸಿಗೆಯ ಕೊನೆಯಿಂದ ಅಕ್ಟೋಬರ್‌ವರೆಗೆ. ಸೆಪ್ಟೆಂಬರ್ ಪ್ರವಾಸಕ್ಕೆ ಇದೂ ಒಂದು ಕಾರಣ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರನ್ನು ಬಿಡುವುದಿಲ್ಲ. ಭುಜ, ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರಕ್ಕೆ ತೊಂದರೆಯಿಲ್ಲ, ಚಡ್ಡಿ ಹಾಕಿಕೊಂಡ ಗಂಡಸರನ್ನೇ ಬಾಗಿಲಲ್ಲಿ ತಡೆಯುವುದು.

ಹೊರಬಂದಾಗ ಪಕ್ಕದಲ್ಲಿ ಒಂಟಿಯಾಗಿ ನಿಂತ ದೊಡ್ಡ ಗೋಡೆ ಕಾಣುತ್ತದೆ. ಫ್ಲಾರೆನ್ಸ್‌ನ್ನು ಮೀರಿಸಬೇಕೆಂದು 1339ರಲ್ಲಿ ಸಿಯೆನಾದವರು ಇದ್ದ ಕೆಥೆಡ್ರಲನ್ನೇ ಅಡ್ಡಭಾಗ ಮಾಡಿಕೊಂಡು ಇನ್ನೂ ದೊಡ್ಡದನ್ನು ಕಟ್ಟಲು ಹೊರಟರು. 1348ರ ಪ್ಲೇಗಿನಲ್ಲಿ ಊರಿಗೆ ಊರೇ ಕುಸಿಯಿತು, ಕೆಲಸ ನಿಂತಿತು. ಮುಂಗೋಡೆ ಹಾಗೇ ಉಳಿದಿದೆ. ಏರಿ ನೋಡಬೇಕೆಂದರೆ ನಮ್ಮ ಆಯ್ಕೆ ಈ ಗೋಡೆಯೇ. ಪುರಭವನದ ತೊರ್ರೆ ದೆಲ್ ಮಾಂಜಾ ಗೋಪುರಕ್ಕೆ ಸುಮಾರು 400 ಇಕ್ಕಟ್ಟಾದ ಮೆಟ್ಟಿಲು, ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ. ದಿನದ ಪ್ರವಾಸದಲ್ಲಿ ಅದನ್ನು ಬಿಡಿ.

ಸ್ಯಾನ್ ಜಿಮಿನ್ಯಾನೊ ರೋಮ್‌ಗೆ ನಡೆಯುತ್ತಿದ್ದ ಯಾತ್ರಿಕರ ದಾರಿಯಲ್ಲಿತ್ತು, ವ್ಯಾಪಾರದಿಂದ, ಕೇಸರಿಯಿಂದ ದುಡ್ಡಾಯಿತು. ದುಡ್ಡಿದ್ದ ಮನೆತನಗಳು ಪೈಪೋಟಿಗೆ, ಕಾವಲಿಗೆ ಗೋಪುರ ಎಬ್ಬಿಸಿದವು. 72 ಇದ್ದವೆಂದು ಹೇಳುತ್ತಾರೆ, ಉಳಿದಿರುವುದು 14. ಅದೇ 1348ರ ಪ್ಲೇಗು ಇಲ್ಲಿಗೂ ಬಡಿಯಿತು, 1353ರಲ್ಲಿ ಊರು ಫ್ಲಾರೆನ್ಸ್‌ನ ಕೈಸೇರಿತು. ಆಮೇಲೆ ಹಳೆಯದನ್ನು ಕೆಡವಿ ಹೊಸದು ಕಟ್ಟುವ ಶಕ್ತಿ ಯಾರಿಗೂ ಇರಲಿಲ್ಲ. ಊರು ಹೀಗೆ ಉಳಿದುಬಂದಿರುವುದು ಆ ಬಡತನದಿಂದ. 1990ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅತಿ ಎತ್ತರದ ತೊರ್ರೆ ಗ್ರೊಸ್ಸಾ 54 ಮೀಟರ್, ಗಟ್ಟಿ ಮಂಡಿಯವರು ಹತ್ತಬಹುದು.

ಪ್ರಶ್ನೆ: ಗೈಡ್ ಇಲ್ಲದೆ ನಾವೇ ಬಸ್ಸಿನಲ್ಲಿ ಹೋದರೆ? — ಕುಶಾಲನಗರ

ಸಿಯೆನಾ ಒಂದಕ್ಕೇ ಆದರೆ ಧಾರಾಳವಾಗಿ ಹೋಗಿ, ಫ್ಲಾರೆನ್ಸ್‌ನಿಂದ ನೇರ ವೇಗದ ಬಸ್ಸಿದೆ. ಸ್ಯಾನ್ ಜಿಮಿನ್ಯಾನೊಗೆ ರೈಲಿಲ್ಲ. ಪೊಜ್ಜಿಬೊನ್ಸಿಯಲ್ಲಿ ಬಸ್ಸು ಬದಲಿಸಬೇಕು, ಭಾನುವಾರ ಬಸ್ಸು ಕಡಿಮೆ. ಎರಡೂರನ್ನು ಒಂದೇ ದಿನ ಮಾಡುವವರಿಗೆ ಈ ಕಾಯುವಿಕೆಯೇ ಮುಳುವು. ಬಾಡಿಗೆ ಕಾರು ತೆಗೆದುಕೊಳ್ಳುವವರು ಊರ ಬಾಗಿಲಲ್ಲಿರುವ ವಾಹನ ನಿರ್ಬಂಧದ ಫಲಕ ಗಮನಿಸಿ. ಒಳನುಗ್ಗಿದರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ದಂಡ ತಿಂಗಳುಗಳ ನಂತರವೂ ಕಾರ್ಡಿನಿಂದ ಅಥವಾ ಅಂಚೆಯಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಮನೆಯಿಂದ ಏನೇನು ಒಯ್ಯಬಹುದು? — ಸೋಮವಾರಪೇಟೆ

ಪ್ರವಾಸ ಕಾದಿರಿಸುವಾಗಲೇ ‘ಮಾಂಸ, ಮೀನು, ಮಾಂಸದ ಸಾರು ಬೇಡ’ ಎಂದು ಮೂರನ್ನೂ ಬರೆದು ತಿಳಿಸಿ. ಬಿಳಿ ಬೀನ್ಸ್ ಕಾಳು, ಎಲೆಕೋಸು, ಒಣ ಬ್ರೆಡ್ಡಿನ ರಿಬೊಲ್ಲಿತಾ ಸೂಪು ನೋಡಲು ಸಸ್ಯಾಹಾರವೇ, ಆದರೆ ಕೆಲವು ಕಡೆ ಮಾಂಸದ ಸಾರು ಹಾಕುತ್ತಾರೆ. ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯಂಥ ಪಿಚಿಯನ್ನು ಟೊಮೆಟೊ–ಬೆಳ್ಳುಳ್ಳಿ ಸಾಸ್‌ನಲ್ಲಿ ಕೇಳಿ, ಹೊಟ್ಟೆ ತುಂಬುತ್ತದೆ. ಪಾರ್ಮೆಜಾನ್ ಚೀಸಿಗೆ, ಹೆಚ್ಚಿನ ಪೆಕೊರಿನೊ ಚೀಸಿಗೆ ಹಾಲು ಒಡೆಸುವುದು ಕರು, ಕುರಿಮರಿಯ ಹೊಟ್ಟೆಯ ರಸದಿಂದ. ಕಟ್ಟುನಿಟ್ಟಿನವರು ಚೀಸ್ ಬೇಡ ಎನ್ನಬೇಕು. ಮಾಂಸ ತಿನ್ನುವವರು ಕಾಡುಹಂದಿಯ ರಾಗು (ಮಾಂಸದ ಗಟ್ಟಿ ಸಾಸ್) ಹಾಕಿದ ಪಪ್ಪರ್ದೆಲ್ಲೆ ಎಂಬ ಅಗಲ ಪಟ್ಟಿಯ ಪಾಸ್ತಾ ಬಿಡಬೇಡಿ. ಖಾರ, ಕಾಚಂಪುಳಿ ಇಲ್ಲದೆಯೂ ಹಂದಿಮಾಂಸಕ್ಕೆ ರುಚಿ ಬರುವುದು ಹೇಗೆಂದು ತಿಳಿಯುತ್ತದೆ.

ಒಯ್ಯುವ ಸಾಮಾನಿನ ನಿಯಮ ಕಟ್ಟುನಿಟ್ಟು. ಭಾರತದಿಂದ ಯುರೋಪ್ ಒಕ್ಕೂಟದೊಳಗೆ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಪಂದಿ ಉಪ್ಪಿನಕಾಯಿ, ಒಣಮಾಂಸ, ಹಾಲಿನ ಪೇಡ ಎಲ್ಲ ಕಸ್ಟಮ್ಸ್‌ನಲ್ಲಿ ಹೋಗುತ್ತವೆ. ಕೊಡಗಿನ ಕಿತ್ತಳೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಾಳೆಹಣ್ಣಿಗೆ ಬೇಡ. ಚಟ್ನಿಪುಡಿ, ಅವಲಕ್ಕಿ, ಮಾವಿನ ಉಪ್ಪಿನಕಾಯಿ ತೊಂದರೆಯಿಲ್ಲ, ಸೀಲ್ ಮಾಡಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ.

ಪ್ರಶ್ನೆ: ವೀಸಾಕ್ಕೆ ತೋಟದವರು ಆದಾಯ ತೋರಿಸುವುದು ಹೇಗೆ? — ನಾಪೋಕ್ಲು

ಇಟಲಿಗೆ ಬೇಕಾದ ಷೆಂಗೆನ್ ವೀಸಾದ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಒಳಗೆ, ಕನಿಷ್ಠ 15 ದಿನ ಮೊದಲು ಹಾಕಬೇಕು. ಎರಡು ತಿಂಗಳು ಮೊದಲೇ ಹಾಕುವುದು ಕ್ಷೇಮ. ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ. ಪಾಸ್‌ಪೋರ್ಟ್ ಮರಳುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು.

ಕೊಡಗಿನವರಿಗೆ ತೊಡಕು ಎರಡು ಕಡೆ. ಕಾಫಿ ಮಾರಿದ ದುಡ್ಡು ವರ್ಷಕ್ಕೊಮ್ಮೆ ಒಟ್ಟಿಗೆ ಖಾತೆಗೆ ಬೀಳುತ್ತದೆ. ಪರಿಶೀಲಿಸುವವರಿಗೆ ಅದು ವೀಸಾಕ್ಕೆಂದೇ ತುಂಬಿಸಿದ ಮೊತ್ತದಂತೆ ಕಾಣುತ್ತದೆ. ಆ ಜಮೆಯ ಎದುರಿಗೆ ವ್ಯಾಪಾರಿಯ ಬಿಲ್ ಇಟ್ಟು, ಕೊಯ್ಲಿನ ಕಾಲ ವಿವರಿಸುವ ಒಂದು ಪುಟದ ಪತ್ರ ಲಗತ್ತಿಸಿ. ಎರಡನೆಯದು ಜಮ್ಮಾ ಜಮೀನು. ಪಹಣಿ ಪಟ್ಟೆದಾರರ ಹೆಸರಿನಲ್ಲಿದ್ದು ಅರ್ಜಿದಾರರ ಹೆಸರು ಎದ್ದು ಕಾಣದಿದ್ದರೆ, ನಿಮ್ಮ ಪಾಲು ಮತ್ತು ಆದಾಯ ಹೇಳುವ ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ, ಆದಾಯ ತೆರಿಗೆ ರಿಟರ್ನ್ ಎರಡನ್ನೂ ಜೋಡಿಸಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಹಾಕದೇ ಇದ್ದವರು ಈ ವರ್ಷದಿಂದಲೇ ಹಾಕಲು ಶುರುಮಾಡಿ. ಕನ್ನಡದ ಪಹಣಿಗೆ ಇಂಗ್ಲಿಷ್ ಅನುವಾದ ಇರಲಿ.

ಪ್ರಶ್ನೆ: ಆ ದಿನ ಸಾಮಾನ್ಯವಾಗಿ ಎಡವಟ್ಟಾಗುವುದು ಎಲ್ಲಿ? — ಸುಂಟಿಕೊಪ್ಪ

ಹೊರಡುವ ಜಾಗದಲ್ಲಿ. ದೊಡ್ಡ ಬಸ್ಸುಗಳು ಎಷ್ಟೋ ಸಲ ಊರ ನಡುವಿನಿಂದ ಹೊರಡುವುದಿಲ್ಲ. ಕೆಲವು ರೈಲು ನಿಲ್ದಾಣದ ಬದಿಯಿಂದ, ಕೆಲವು ಟ್ರಾಮ್ ಟಿ1 ಮಾರ್ಗದ ಕೊನೆಯ ನಿಲ್ದಾಣ ವಿಲ್ಲಾ ಕೊಸ್ತಾಂಜಾದಿಂದ. ಹಿಂದಿನ ಸಂಜೆಯೇ ಜಾಗ ನೋಡಿ ಬನ್ನಿ. ಟ್ರಾಮ್ ಹತ್ತಿದೊಡನೆ ಕಾಗದದ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಹಾಕಿಸಿ, ಮುದ್ರೆ ಇಲ್ಲದಿದ್ದರೆ ಟಿಕೆಟ್ ಇದ್ದರೂ ದಂಡ.

ಕಿಯಾಂತಿಯ ದ್ರಾಕ್ಷಿ ತೋಟಗಳ ನಡುವಿನ ರಸ್ತೆಗೆ ಸಂಪಾಜೆ ಘಾಟಿಯಷ್ಟೇ ತಿರುವು. ವಾಂತಿ ಬರುವವರು ಹೊರಡುವ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಂಡು ಮುಂದಿನ ಸೀಟು ಹಿಡಿಯಲಿ, ಮಾತ್ರೆ ತಿಂದವರು ವೈನ್ ಮುಟ್ಟದಿರಲಿ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಜೇಬಲ್ಲಿರಲಿ. ಬಸ್ಸಿನಿಂದ ಇಳಿದ ಕೂಡಲೇ ನಿಲ್ಲಿಸಿದ ಜಾಗ, ಬಸ್ಸಿನ ನಂಬರ್ ಎರಡನ್ನೂ ಫೋಟೊ ತೆಗೆದು, ಮೇಲ್ವಿಚಾರಕರ ಫೋನ್ ನಂಬರ್ ಬರೆದುಕೊಳ್ಳಿ. ಹೇಳಿದ ಹೊತ್ತಿಗೆ ಬಾರದವರಿಗಾಗಿ ಬಸ್ಸು ಹೆಚ್ಚು ಹೊತ್ತು ಕಾಯುವುದಿಲ್ಲ. ಸ್ಯಾನ್ ಜಿಮಿನ್ಯಾನೊದಲ್ಲಿ ತಪ್ಪಿಸಿಕೊಂಡರೆ ಗಾಬರಿ ಬೇಡ. ಸ್ಯಾನ್ ಜೊವಾನ್ನಿ ಬಾಗಿಲ ಹೊರಗಿನಿಂದ ಪೊಜ್ಜಿಬೊನ್ಸಿಗೆ ಬಸ್ಸು, ಅಲ್ಲಿಂದ ಫ್ಲಾರೆನ್ಸ್‌ಗೆ ರೈಲು ಸಿಗುತ್ತದೆ. ಕೊನೆಯ ಬಸ್ಸಿನ ಸಮಯವನ್ನು ಮಾತ್ರ ಊರೊಳಗೆ ಹೋಗುವ ಮುಂಚೆಯೇ ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಳ್ಳಿ.