ಕರಿಕೋಟು, ರ‍್ಯಾಪ್, ಚಳವಳಿ: ಮೂರೂ ಒಬ್ಬರಿಗೇ ಆಗುತ್ತಾ?

ಓದುಗರ ಪತ್ರ: ದಾವಣಗೆರೆಯ ಕಾನೂನು ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದು ಕೇಳಿಕೊಂಡಿದ್ದಾರೆ. ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದಾರೆ. ಕನ್ನಡದಲ್ಲಿ ರ‍್ಯಾಪ್ ಬರೆದು ಹಾಡುತ್ತಾರೆ, ಪೌರಕಾರ್ಮಿಕರ ಹೋರಾಟದಲ್ಲೂ ಓಡಾಡುತ್ತಾರೆ. ಅವರು ಕೆಲಸ ಕಲಿಯುತ್ತಿರುವ ಚೇಂಬರಿನ ಸೀನಿಯರ್, "ಕೋರ್ಟು ಬೇಕೋ ಮೈಕು ಬೇಕೋ, ಒಂದು ತೀರ್ಮಾನ ಮಾಡಮ್ಮ" ಎಂದರಂತೆ. ಅವರ ಪ್ರಶ್ನೆಗಳು ಇವು. ಮೂರನ್ನೂ ಇಟ್ಟುಕೊಂಡು ಬದುಕಿದವರು ಇದ್ದಾರಾ? ಇದಕ್ಕೆ ನಿಯಮ ಬಿಡುತ್ತದಾ? ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯುವ ಮೊದಲು ಹಳೆಯ ಹಾಡುಗಳನ್ನು ಅಳಿಸಿಬಿಡಬೇಕಾ?

ಸಂಪಾದಕರ ಉತ್ತರ:

ಪ್ರೀತಿಯ ಓದುಗರೇ,

ಯಾವುದನ್ನೂ ಬಿಡಬೇಕಾಗಿಲ್ಲ. ಆದರೆ ಮೂರಕ್ಕೂ ಸಮಾನ ಜಾಗ ಸಿಗುವುದಿಲ್ಲ. ವಕಾಲತ್ತಿಗೆ ಸಹಿ ಹಾಕಿದ ದಿನದಿಂದ ಕಕ್ಷಿದಾರರು ಮುಂದೆ. ನಿಮ್ಮ ಹಾಡು, ನಿಮ್ಮ ಸಂಘಟನೆ ಎರಡೂ ಅವರ ಹಿಂದೆ. ಇದನ್ನು ಒಪ್ಪಿಕೊಂಡರೆ ಉಳಿದದ್ದಕ್ಕೆಲ್ಲ ದಾರಿ ಇದೆ.

ಇಂಥವರು ಇದ್ದಾರಾ ಎಂದು ಕೇಳಿದ್ದೀರಿ. ಇದ್ದಾರೆ. ನ್ಯೂಯಾರ್ಕ್ ರಾಜ್ಯದ ಆಂಟೋನಿಯೋ ಡೆಲ್ಗಾಡೋ ಅವರನ್ನೇ ನೋಡಿ. ಸ್ಕೆನೆಕ್ಟಡಿ ಎಂಬ ಕಾರ್ಖಾನೆ ಊರಿನ ಕಪ್ಪು ಹುಡುಗ. ರೋಡ್ಸ್ ಎಂಬ ಹೆಸರಾಂತ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋದರು. 2005ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಪದವಿ ಮುಗಿಸಿದರು. ಅಂಥ ಪದವಿ ಕೈಯಲ್ಲಿದ್ದವರು ಸಾಮಾನ್ಯವಾಗಿ ದೊಡ್ಡ ಸಂಬಳದ ಕಡೆ ನಡೆಯುತ್ತಾರೆ. ಇವರು ಲಾಸ್ ಏಂಜಲೀಸ್‌ಗೆ ಹೋಗಿ, 'ಎಡಿ ದ ವಾಯ್ಸ್' ಎಂಬ ಹೆಸರಿನಲ್ಲಿ 2006ರಲ್ಲಿ ಒಂದು ರ‍್ಯಾಪ್ ಆಲ್ಬಮ್ ತಂದರು. ಬಡತನ, ವರ್ಣಭೇದ, ಯುದ್ಧ ಎಲ್ಲ ಅದರಲ್ಲಿತ್ತು. ಆಮೇಲೆ ನ್ಯೂಯಾರ್ಕ್‌ಗೆ ಬಂದು ದೊಡ್ಡ ಕಾನೂನು ಸಂಸ್ಥೆಯೊಂದರಲ್ಲಿ ವಕೀಲರಾಗಿ ದುಡಿದರು.

2018ರಲ್ಲಿ ಅಮೆರಿಕದ ಸಂಸತ್ತಿಗೆ ಸ್ಪರ್ಧಿಸಿದರು. ಹಡ್ಸನ್ ಕಣಿವೆ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯ ಕ್ಷೇತ್ರ. ಮತದಾರರಲ್ಲಿ ಬಿಳಿಯರೇ ಜಾಸ್ತಿ. ಎದುರು ಪಕ್ಷದವರು ಹನ್ನೆರಡು ವರ್ಷ ಹಳೆಯ ಆ ಆಲ್ಬಮ್ ಹುಡುಕಿ ತೆಗೆದರು. ಬೈಗುಳ ಇರುವ ಸಾಲುಗಳನ್ನು ಕತ್ತರಿಸಿ ಜಾಹೀರಾತು ಮಾಡಿದರು. ಈ ಮನುಷ್ಯ ನಮ್ಮವನಲ್ಲ ಅನ್ನುವ ಮಾತನ್ನು ಬಿಡದೆ ಹೇಳಿದರು. ಡೆಲ್ಗಾಡೋ ತಮ್ಮ ಹಾಡನ್ನು ಅಲ್ಲಗಳೆಯಲಿಲ್ಲ. ಸಾಲುಗಳ ಅರ್ಥ ತಿರುಚುತ್ತಿದ್ದಾರೆ ಎಂದು ನೇರವಾಗಿ ಹೇಳಿ ಪ್ರಚಾರ ಮುಂದುವರಿಸಿದರು. ಹಾಲಿ ಸಂಸದರನ್ನು ಸೋಲಿಸಿ ಗೆದ್ದರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್, ಅಂದರೆ ಗವರ್ನರ್ ನಂತರದ ಸ್ಥಾನದವರು, ಆದರು.

ಅವರು ಮೂರನ್ನೂ ಒಟ್ಟೊಟ್ಟಿಗೆ ಮಾಡಲಿಲ್ಲ, ಒಂದಾದ ಮೇಲೆ ಒಂದು ಮಾಡಿದರು. ಇದನ್ನು ಗಮನಿಸಿ. ನಿಮಗೆ ಇಪ್ಪತ್ತು ಚಿಲ್ಲರೆ ವಯಸ್ಸು. ಎಲ್ಲವೂ ಈ ವರ್ಷವೇ ಆಗಬೇಕು ಎಂಬ ಆತುರ ಪತ್ರದಲ್ಲಿ ಕಾಣುತ್ತದೆ. ಅಷ್ಟು ಅವಸರ ಯಾಕೆ?

ಇನ್ನೊಬ್ಬರು ಬ್ರಿಯಾನ್ ಬೇನ್. ಬ್ರೂಕ್ಲಿನ್‌ನ ಕವಿ. 1999ರಲ್ಲಿ ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಿದ್ದಾಗ, ನ್ಯೂಯಾರ್ಕ್‌ನಲ್ಲಿ ತಾವು ಮಾಡದ ತಪ್ಪಿಗೆ ತಮ್ಮನ ಜೊತೆ, ಸೋದರಸಂಬಂಧಿಯ ಜೊತೆ ಬಂಧನಕ್ಕೊಳಗಾದರು. ರಾತ್ರಿ ಲಾಕಪ್ಪಿನಲ್ಲಿ ಕಳೆದರು. ಕೊನೆಗೆ ಕೇಸು ಬಿದ್ದುಹೋಯಿತು. ಮರುವರ್ಷ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ವೇದಿಕೆ, ಜೈಲಿನೊಳಗಿನ ಕವಿತೆಯ ತರಗತಿಗಳು, ಈಗ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಪಾಠ. ಕಾನೂನು ಓದಿದವರೆಲ್ಲ ಕೋರ್ಟಿನಲ್ಲೇ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಇವರ ಹೆಸರು ಹೇಳಿದೆ.

ನಮ್ಮ ಕಡೆಯೂ ನೋಡಿ. ಹಾಸನದ ಬಾನು ಮುಷ್ತಾಕ್ ವಕೀಲರು, ಬಂಡಾಯದ ಕಾಲದಿಂದ ಹೋರಾಟದಲ್ಲಿ ಇದ್ದವರು, ಕತೆಗಾರ್ತಿ. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ರ‍್ಯಾಪ್ ಅಲ್ಲ, ನಿಜ. ಆದರೆ ಬರಹ, ಚಳವಳಿ, ಕರಿಕೋಟು ಮೂರೂ ಒಬ್ಬ ಹೆಣ್ಣುಮಗಳ ಕೈಯಲ್ಲಿ ನಮ್ಮ ಜಿಲ್ಲಾ ಕೇಂದ್ರವೊಂದರಲ್ಲೇ ನಡೆದಿವೆ. ಇದನ್ನು ನಿಮ್ಮ ಸೀನಿಯರ್‌ಗೆ ಧಾರಾಳವಾಗಿ ಹೇಳಬಹುದು.

ರ‍್ಯಾಪ್ ಗೊತ್ತಿರುವ ವಕೀಲರು ಕೋರ್ಟಿಗೂ ಬೇಕು. ಅಮೆರಿಕದಲ್ಲಿ ಆರೋಪಿಯ ರ‍್ಯಾಪ್ ಸಾಲುಗಳನ್ನೇ ಸಾಕ್ಷಿ ಎಂದು ಮುಂದಿಡುವುದು ವರ್ಷಗಳಿಂದ ನಡೆದಿದೆ. ನ್ಯೂಜೆರ್ಸಿಯಲ್ಲಿ ಸ್ಕಿನ್ನರ್ ಎಂಬುವರ ಮೇಲೆ ಕೊಲೆ ಯತ್ನದ ಕೇಸು. ಅವರು ಬರೆದಿದ್ದ ರ‍್ಯಾಪ್ ಅನ್ನು 13 ಪುಟ ಜ್ಯೂರಿಗೆ ಓದಿ ಹೇಳಲಾಯಿತು. ಘಟನೆಗೂ ಆ ಸಾಲುಗಳಿಗೂ ನೇರ ಸಂಬಂಧ ಇರಲಿಲ್ಲ. ಶಿಕ್ಷೆ ಆಯಿತು. 2014ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಶೆರೀಫನಿಗೆ ಗುಂಡು ಹೊಡೆದೆ ಎಂದು ಹಾಡಿದ ಬಾಬ್ ಮಾರ್ಲಿ ನಿಜವಾಗಿ ಹೊಡೆದಿದ್ದರು ಎಂದು ಯಾರೂ ಅಂದುಕೊಳ್ಳುವುದಿಲ್ಲ ಎಂದು ತೀರ್ಪಿನಲ್ಲಿ ಬರೆಯಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕಾಗಿಯೇ ಒಂದು ಕಾನೂನು ಮಾಡಿತು. ಅಲ್ಲಿ ಈಗ ಹಾಡನ್ನು ಸಾಕ್ಷಿಯಾಗಿ ಬಿಡುವ ಮೊದಲು ನ್ಯಾಯಾಧೀಶರು ಅದನ್ನು ತೂಗಿ ನೋಡಲೇಬೇಕು.

ಯಕ್ಷಗಾನದಲ್ಲಿ ಕಂಸನ ವೇಷದವರು "ಕೊಲ್ಲುತ್ತೇನೆ" ಎಂದರೆ ಯಾರೂ ಠಾಣೆಗೆ ಓಡುವುದಿಲ್ಲ. ರ‍್ಯಾಪ್‌ನ 'ನಾನು' ಕೂಡ ಎಷ್ಟೋ ಸಲ ಒಂದು ವೇಷ. ಅದನ್ನು ನ್ಯಾಯಾಧೀಶರಿಗೆ ತಾಳ್ಮೆಯಿಂದ ತಿಳಿಸಿ ಹೇಳಲು ಬೀಟು, ಪಂಚ್‌ಲೈನ್, ಉತ್ಪ್ರೇಕ್ಷೆ ಎಲ್ಲದರ ಪರಿಚಯ ಇರುವ ವಕೀಲರು ಬೇಕಲ್ವಾ?

ಭಾರತದಲ್ಲೂ ಈ ಮಾತು ಕೋರ್ಟಿಗೆ ಬಂದಿದೆ. ಕವಿ, ರಾಜ್ಯಸಭಾ ಸದಸ್ಯ ಇಮ್ರಾನ್ ಪ್ರತಾಪ್‌ಗಢಿ ಹಂಚಿಕೊಂಡ ವಿಡಿಯೊದಲ್ಲಿ ಒಂದು ಕವಿತೆ ಇತ್ತು. ಗುಜರಾತಿನ ಜಾಮ್‌ನಗರದಲ್ಲಿ ಎಫ್‌ಐಆರ್ ಆಯಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇಂಥ ಮಾತುಗಳ ಪರಿಣಾಮವನ್ನು ಗಟ್ಟಿ ಮನಸ್ಸಿನ, ಧೈರ್ಯವಂತ ಜನರ ಕಣ್ಣಿನಿಂದ ಅಳೆಯಬೇಕು, ಸಣ್ಣ ಟೀಕೆಗೂ ಹೆದರುವವರ ಕಣ್ಣಿನಿಂದಲ್ಲ ಎಂದಿತು. ಆ ತೀರ್ಪನ್ನು ಪೂರ್ತಿ ಓದಿ. ನಿಮಗೆ ಎರಡು ಕೆಲಸಕ್ಕೂ ಬೇಕಾಗುತ್ತದೆ.

ಈಗ ನಿಯಮಕ್ಕೆ ಬರೋಣ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ, ತಾವೇ ನಿಂತು ವ್ಯಾಪಾರ ನಡೆಸುವಂತಿಲ್ಲ. ಆದರೆ ಪ್ರಸಾರ, ಪತ್ರಿಕೋದ್ಯಮ, ಉಪನ್ಯಾಸ, ಪಾಠ ಇವಕ್ಕೆ ಅವಕಾಶ ಇದೆ. ವಿಷಯ ಕಾನೂನಿನದ್ದೇ ಆಗಬೇಕೆಂದೂ ಇಲ್ಲ. ಹಾಡು, ರ‍್ಯಾಪ್ ಎಂದು ಹೆಸರಿಟ್ಟು ಅಲ್ಲಿ ಬರೆದಿಲ್ಲ. ಹಾಡಿನಿಂದ ಖಾಯಂ ಆಗಿ ದುಡ್ಡು ಬರತೊಡಗಿದರೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಪತ್ರ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ರಾಜಕೀಯಕ್ಕಂತೂ ಅಡ್ಡಿಯಿಲ್ಲ. ಶಾಸಕರು, ಸಂಸದರು ವಕೀಲಿ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಕರಿಕೋಟಿನ ಮೇಲೆ ಗೌನು, ಕೊರಳಿಗೆ ಬ್ಯಾಂಡು ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ವಿಡಿಯೊ ಮಾಡುವ ಆಸೆ ಇದೆ ಎಂದಿದ್ದೀರಿ. ಅದನ್ನು ಬಿಡಿ. ಕೋರ್ಟಿನ ಹೊರಗೆ ಸಾರ್ವಜನಿಕ ಜಾಗದಲ್ಲಿ ಬ್ಯಾಂಡು, ಗೌನು ಹಾಕಬಾರದು ಎಂದು ನಿಯಮವೇ ಇದೆ. ವಿಡಿಯೊ ಕೆಳಗೆ ಚೇಂಬರಿನ ಹೆಸರು, ಫೋನ್ ನಂಬರ್ ಕೊಟ್ಟರೆ ಅದು ಜಾಹೀರಾತಾಗುತ್ತದೆ. ಅದೂ ಕೂಡದು.

ನನಗೆ ಹೆಚ್ಚು ಕಾಳಜಿ ಇರುವುದು ಚಳವಳಿಯ ಬಗ್ಗೆ. ಪೌರಕಾರ್ಮಿಕರ ಸಂಘದ ಕಾರ್ಯಕಾರಿ ಸಮಿತಿಗೆ ಸೇರು ಎಂದು ಕರೆದಿದ್ದಾರೆ ಎಂದು ಬರೆದಿದ್ದೀರಿ. ತಾವು ಆಡಳಿತ ಮಂಡಳಿಯಲ್ಲಿರುವ ಸಂಸ್ಥೆಯ ಪರವಾಗಿ ವಕೀಲರು ಹಾಜರಾಗಬಾರದು ಎಂದು ನಿಯಮ ಹೇಳುತ್ತದೆ. ಸಮಿತಿಗೆ ಸೇರಿದರೆ ಅವರ ಕೇಸು ನಡೆಸುವುದು ಕಷ್ಟ. ಇನ್ನೂ ಒಂದಿದೆ. ತಾವೇ ಸಾಕ್ಷಿಯಾಗಬಹುದಾದ ಕೇಸನ್ನು ವಕೀಲರು ಒಪ್ಪಿಕೊಳ್ಳಬಾರದು. ಧರಣಿಯ ದಿನ ನೀವು ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದೀರಿ, ಲಾಠಿ ಬೀಸಿದರು, ಹತ್ತು ಜನರ ಮೇಲೆ ಕೇಸಾಯಿತು ಎಂದುಕೊಳ್ಳಿ. ನೀವು ಕಣ್ಣಾರೆ ಕಂಡವರು. ಆ ಹತ್ತು ಜನರ ಪರ ವಾದ ಮಾಡಲು ಆಗ ನಿಮಗೆ ದಾರಿ ಇರುವುದಿಲ್ಲ. ಆ ರಾತ್ರಿ ಜಾಮೀನಿಗೆ ವಕೀಲರು ಬೇಕು ಎಂದು ಅವರ ಮನೆಯವರು ಮೊದಲು ಫೋನ್ ಮಾಡುವುದೇ ನಿಮಗೆ. ಅದಕ್ಕೇ ಸಂಘದವರ ಜೊತೆ ಮೊದಲೇ ಕೂತು ಮಾತಾಡಿ. ಯಾವ ದಿನ ನೀವು ಹಾಡುಗಾರ್ತಿ, ಯಾವ ದಿನ ವಕೀಲೆ ಎಂಬುದು ಇಬ್ಬರಿಗೂ ಗೊತ್ತಿರಲಿ. ನೀವು ಹಾಡುವ ದಿನ ಠಾಣೆಗೆ ಬರಲು ಇನ್ನೊಬ್ಬ ವಕೀಲರು ಸಿದ್ಧ ಇರಲಿ.

ಕಕ್ಷಿದಾರರು ಹೇಳಿದ್ದನ್ನು ಹಾಡಿಗೆ ತರಬೇಡಿ. ಚೇಂಬರಿನಲ್ಲಿ ಕೂತು ಒಬ್ಬ ಹೆಂಗಸು ಅಳುತ್ತಾ ಹೇಳಿದ ಕತೆ ನಿಮ್ಮ ಕಿವಿಗೆ ಬೀಟಿನಂತೆ ಕೇಳಬಹುದು. ಅದು ನಿಮ್ಮದಲ್ಲ. ಹೆಸರು ಬದಲಿಸಿದರೂ ಸಾಲದು, ಊರು ಓಣಿ ಗೊತ್ತಾದರೆ ಜನರಿಗೆ ಆಳು ಗೊತ್ತಾಗುತ್ತದೆ. 2023ರ ಸಾಕ್ಷ್ಯ ಅಧಿನಿಯಮದಲ್ಲಿ ಈ ಗುಟ್ಟಿಗೆ ರಕ್ಷಣೆ ಇದೆ. ಕೇಸು ಮುಗಿದ ಮೇಲೂ ಅದು ಮುಗಿಯುವುದಿಲ್ಲ. ನೀವು ಬರೆಯಬೇಕೆಂದರೆ ಚರಂಡಿ ಇದೆ, ಕೈಗವಸು ಇಲ್ಲದ ಕೈಗಳಿವೆ, ತಿಂಗಳುಗಟ್ಟಲೆ ಬಾರದ ಸಂಬಳ ಇದೆ. ಅವನ್ನೆಲ್ಲ ನೀವೇ ಬೀದಿಯಲ್ಲಿ ನಿಂತು ಕಂಡಿದ್ದೀರಿ, ಯಾರ ಗುಟ್ಟೂ ಅಲ್ಲ.

ನ್ಯಾಯಾಧೀಶರ ಬಗ್ಗೆ ಬರೆಯಬಹುದಾ ಎಂದೂ ಕೇಳಿದ್ದೀರಿ. ಮುಗಿದ ಕೇಸಿನ ತೀರ್ಪನ್ನು ನ್ಯಾಯವಾಗಿ ಟೀಕಿಸಬಹುದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ. ವ್ಯಕ್ತಿಯನ್ನು ಹಿಡಿದು ಬೈದರೆ ಆರು ತಿಂಗಳವರೆಗೆ ಸಜೆ ಆಗಬಹುದು. ಪ್ರಶಾಂತ್ ಭೂಷಣ್ ಅವರಂಥ ಹಿರಿಯ ವಕೀಲರನ್ನೂ ಎರಡು ಟ್ವೀಟ್‌ಗಾಗಿ 2020ರಲ್ಲಿ ತಪ್ಪಿತಸ್ಥರು ಎಂದು ಕೋರ್ಟ್ ಹೇಳಿತು. ದಂಡ ಒಂದು ರೂಪಾಯಿ. ಸನ್ನದು ಬಂದು ಆರು ತಿಂಗಳಾದವರಿಗೆ ಅಷ್ಟರಲ್ಲೇ ಮುಗಿಯುತ್ತದೆ ಎಂದು ನಾನು ಧೈರ್ಯ ಹೇಳಲಾರೆ.

ಹಳೆಯ ಹಾಡು ಅಳಿಸಬೇಡಿ. ಅಳಿಸಿದರೂ ಯಾರದೋ ಫೋನಿನಲ್ಲಿ ಇರುತ್ತದೆ, ಅಳಿಸಿದ್ದೇ ಒಂದು ಮಾತಾಗುತ್ತದೆ. ಡೆಲ್ಗಾಡೋಗೆ ಹನ್ನೆರಡು ವರ್ಷದ ಮೇಲೂ ಕೇಳಿದರು ನೋಡಿ. ಯಾವುದಾದರೂ ಸಾಲು ಒಬ್ಬರ ಜಾತಿಯನ್ನೋ ಹೆಣ್ಣನ್ನೋ ಹೀಯಾಳಿಸುತ್ತಿದ್ದರೆ ಅದನ್ನು ತೆಗೆಯಿರಿ, ಸನ್ನದಿಗಾಗಿ ಅಲ್ಲ, ಆ ಸಾಲು ಕೆಟ್ಟದ್ದು ಎಂಬ ಕಾರಣಕ್ಕೆ. ಧರಣಿಯ ಕೇಸು ನಿಮ್ಮ ಮೇಲಿದ್ದರೆ ನೋಂದಣಿ ಅರ್ಜಿಯಲ್ಲಿ ಕೇಳಿದ ಕಡೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ವಕೀಲರ ಕಾಯ್ದೆಯಲ್ಲಿ ನೋಂದಣಿಗೆ ಅಡ್ಡ ಬರುವುದು ನೈತಿಕ ಅಧಃಪತನದ ಅಪರಾಧಕ್ಕೆ ಆದ ಶಿಕ್ಷೆ. ಬರೀ ಎಫ್‌ಐಆರ್ ಅಂಥ ಶಿಕ್ಷೆಯಲ್ಲ. ಆದರೆ ಸುಳ್ಳು ಹೇಳಿ ಸನ್ನದು ಪಡೆದರೆ ಹೆಸರನ್ನೇ ಪಟ್ಟಿಯಿಂದ ತೆಗೆಯುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆ.

ನೀವು ಕಳಿಸಿದ ಹದಿನಾರು ಸಾಲು ಓದಿದೆ. ಪೊರಕೆಯ ಸದ್ದನ್ನೇ ತಾಳ ಮಾಡಿಕೊಂಡ ಭಾಗ ತುಂಬಾ ಇಷ್ಟವಾಯಿತು. ನಾಲ್ಕನೇ ಸಾಲಿನಲ್ಲಿ ಪ್ರಾಸಕ್ಕಾಗಿ ಒಂದು ಇಂಗ್ಲಿಷ್ ಪದ ಎಳೆದು ತಂದಿದ್ದೀರಿ. ಅಲ್ಲಿ ನಿಮ್ಮ ಊರಿನ ಮಾತೇ ಇರಲಿ. ತಿದ್ದಿ ಕಳಿಸಿ. ನೀವು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನೊಂದಿಗೇ ಹಾಕುತ್ತೇವೆ.

ಸಂಪಾದಕ